ಅಡ್ಡ ಹಿಡಿದ ಫೋನು

೨೦೨೩ರ ಮಳೆಗಾಲ. ಆಗ ನಾನು ಪುಣೆಯ ಖರಾಡಿಯಲ್ಲಿ ಒಂದು ಮಧ್ಯಮ ಗಾತ್ರದ ಸಾಫ್ಟ್‌ವೇರ್ ಕಂಪನಿಯಲ್ಲಿ ಫ್ರಂಟ್‌ಎಂಡ್ ಲೀಡ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಇಷ್ಟೇ: ವೆಬ್‌ಸೈಟಿನಲ್ಲಿ ನಿಮ್ಮ ಕಣ್ಣಿಗೆ ಕಾಣುವುದು, ಬೆರಳಿಗೆ ಸಿಗುವುದು ಏನೇನಿದೆಯೋ ಅದನ್ನು ಕಟ್ಟುವುದು. ಒಳಗಿನ ಯಂತ್ರ ಬೇರೆಯವರದ್ದು. ಗುಂಡಿ ಎಲ್ಲಿರಬೇಕು, ಅಕ್ಷರ ಎಷ್ಟು ದಪ್ಪ ಇರಬೇಕು, ಪರದೆ ಸಣ್ಣದಾದರೆ ಯಾವುದು ಎಲ್ಲಿಗೆ ಸರಿಯಬೇಕು ಎನ್ನುವುದೆಲ್ಲ ನಮ್ಮದು. ನನ್ನ ಕೈಕೆಳಗೆ ಆರು ಜನ ಇದ್ದರು. ಈ ಕೆಲಸದಲ್ಲಿ ನನಗೆ ಹತ್ತೊಂಬತ್ತು ವರ್ಷದ ಅನುಭವ ಇತ್ತು, ಅದರ ಜಂಬವೂ ಸಾಕಷ್ಟಿತ್ತು.

ನಾನು ಹುಟ್ಟಿ ಬೆಳೆದದ್ದು ಚಿಂಚವಾಡದ ಕಾರ್ಮಿಕರ ಕಾಲೊನಿಯಲ್ಲಿ. ಅಪ್ಪ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುವ ಟರ್ನರ್. ಮನೆಯಲ್ಲಿ ಬಾಗಲಕೋಟೆ ಕಡೆಯ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ, ಆಮೇಲೆ ಆಫೀಸಿನಲ್ಲಿ ಇಂಗ್ಲಿಷು. ಹತ್ತೊಂಬತ್ತು ವರ್ಷ ಮನೆಯ ಕನ್ನಡವನ್ನು ಆಫೀಸಿನ ಕೆಲಸಕ್ಕೆ ಬಳಸುವ ಪ್ರಸಂಗ ನನಗೆ ಬಂದಿರಲಿಲ್ಲ. ಈ ಪ್ರಕರಣದಲ್ಲಿ ಬಂತು.

ನಮ್ಮ ವೃತ್ತಿಯಲ್ಲಿ ರೆಸ್ಪಾನ್ಸಿವ್ ಡಿಸೈನ್ ಎಂಬ ಮಾತಿದೆ. ಒಂದೇ ಪುಟ ಗೋಡೆಯ ಟಿವಿಯಲ್ಲೂ, ಲ್ಯಾಪ್‌ಟಾಪಿನಲ್ಲೂ, ಅಂಗೈಯಗಲದ ಫೋನಿನಲ್ಲೂ ಸರಿಯಾಗಿ ಕೆಲಸ ಮಾಡಬೇಕು ಎನ್ನುವುದು ಅದರ ಅರ್ಥ. ಮದುವೆ ಊಟದ ಪಂಕ್ತಿಯಲ್ಲಿ ಜಾಗ ಇಕ್ಕಟ್ಟಾದರೆ ಎಲೆ ಸಣ್ಣದಾಗಬಹುದು, ಆದರೆ ಯಾವ ಎಲೆಗೂ ಪಲ್ಯ ಬಡಿಸದೆ ಮುಂದೆ ಹೋಗುವಂತಿಲ್ಲ. ಹೊಸ ಹುಡುಗರಿಗೆ ನಾನು ಹೀಗೆಯೇ ಪಾಠ ಹೇಳುತ್ತಿದ್ದೆ. ಪರದೆಯ ಅಗಲವನ್ನು ಪಿಕ್ಸೆಲ್ ಎಂಬ ಚುಕ್ಕೆಗಳಲ್ಲಿ ಅಳೆಯುತ್ತೇವೆ. ಸಾಧಾರಣ ಫೋನಿಗೆ ೩೬೦ ಎಂದು ಲೆಕ್ಕ ಹಿಡಿದು, ಅಲ್ಲಿಂದ ಮೇಲಕ್ಕೆ ಕಟ್ಟುತ್ತಾ ಹೋಗುತ್ತೇವೆ.

ಆ ವರ್ಷ ನಮಗೆ ಬಂದ ಕೆಲಸ ಒಂದು ಧರ್ಮಾರ್ಥ ಡಯಾಲಿಸಿಸ್ ಕೇಂದ್ರದ್ದು. ಕಿಡ್ನಿ ಸೋತವರ ರಕ್ತವನ್ನು ವಾರಕ್ಕೆ ಎರಡು ಮೂರು ಸಲ ಯಂತ್ರದಿಂದ ಶುದ್ಧ ಮಾಡುವ ಜಾಗ. ಪಿಂಪ್ರಿಯಲ್ಲಿದ್ದ ಆ ಕೇಂದ್ರದಲ್ಲಿ ಹನ್ನೆರಡು ಯಂತ್ರಗಳಿದ್ದವು, ಕಾಯುವವರು ಅದಕ್ಕಿಂತ ಎಷ್ಟೋ ಪಟ್ಟು. ಪ್ರತಿ ರೋಗಿಗೂ ಕಾಯಂ ಸರದಿ ಇರುತ್ತಿತ್ತು. ಮೊದಲು ಅದನ್ನು ಟೇಬಲ್ಲಿನ ಮೇಲಿನ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ತಮ್ಮವರಿಗೆ ಮೊದಲು ಕೊಡುತ್ತಾರೆ ಎಂಬ ದೂರು ಹೆಚ್ಚಾದ ಮೇಲೆ ಕೇಂದ್ರ ನಡೆಸುವ ಟ್ರಸ್ಟಿನವರು ರಿಜಿಸ್ಟರನ್ನೇ ತೆಗೆದುಹಾಕಿ, ಎಲ್ಲವೂ ವೆಬ್‌ಸೈಟಿನಲ್ಲೇ ಆಗಬೇಕು, ಸಿಬ್ಬಂದಿ ಯಾರೂ ಕೈ ಹಾಕುವಂತಿರಬಾರದು ಎಂದರು.

ನಿಯಮ ಸರಳವಾಗಿತ್ತು. ಪ್ರತಿ ಶನಿವಾರ ಸಂಜೆ ಆರರೊಳಗೆ ರೋಗಿ ತನ್ನ ಫೋನಿಗೆ ಬರುವ ಓಟಿಪಿ ಹಾಕಿ, ಮುಂದಿನ ವಾರದ ಸರದಿಯನ್ನು ‘ಖಚಿತ’ ಎಂಬ ಗುಂಡಿ ಒತ್ತಿ ಉಳಿಸಿಕೊಳ್ಳಬೇಕು. ಒತ್ತದಿದ್ದರೆ ಆ ವಾರದ ಸರದಿ ಕಾಯುವವರಿಗೆ ಹೋಗುತ್ತದೆ. ಸತತ ಎರಡು ವಾರ ತಪ್ಪಿದರೆ ಕಾಯಂ ಸರದಿಯೇ ರದ್ದಾಗಿ ಹೆಸರು ಪಟ್ಟಿಯ ಕೊನೆಗೆ ಇಳಿಯುತ್ತದೆ. ಊರು ಬಿಟ್ಟವರ, ತೀರಿಕೊಂಡವರ ಹೆಸರಿನಲ್ಲಿ ಯಂತ್ರ ಖಾಲಿ ಬೀಳಬಾರದಲ್ಲ. ನಿಯಮದಲ್ಲಿ ತಪ್ಪಿರಲಿಲ್ಲ, ತಪ್ಪು ನನ್ನದಿತ್ತು.

ಫೋನನ್ನು ನೆಟ್ಟಗೆ ಹಿಡಿದಾಗ ನಮ್ಮ ಪುಟ ಸೊಗಸಾಗಿತ್ತು. ಮೇಲೆ ಹೆಸರಿನ ಪಟ್ಟಿ, ನಡುವೆ ಸರದಿಗಳು, ಕೆಳತುದಿಗೆ ಅಂಟಿಕೊಂಡಂತೆ ದೊಡ್ಡ ಹಸಿರು ಗುಂಡಿ. ಪುಟವನ್ನು ಮೇಲೆ ಕೆಳಗೆ ಎಷ್ಟು ಸರಿಸಿದರೂ ಗುಂಡಿ ಸರಿಯದು. ಸದಾ ಕೈಗೆ ಸಿಗಲಿ ಎಂದೇ ಅದನ್ನು ಅಲ್ಲಿ ಕೂರಿಸಿದ್ದೆವು. ಆದರೆ ಫೋನನ್ನು ಅಡ್ಡ ಮಾಡಿದರೆ ಪರದೆಯ ಎತ್ತರ ಅರ್ಧಕ್ಕೆ ಇಳಿಯುತ್ತದೆ. ಮೇಲಿನ ಪಟ್ಟಿ, ಕೆಳಗಿನ ಗುಂಡಿ ಎರಡೂ ಸೇರಿ ಜಾಗ ತಿಂದು ನಡುವೆ ಒಂದು ಸೀಳು ಮಾತ್ರ ಉಳಿಯುತ್ತಿತ್ತು. ಅದನ್ನು ಸರಿಪಡಿಸಲು ನಾಲ್ಕು ದಿನ ಬೇಕಿತ್ತು, ನಮ್ಮ ಹತ್ತಿರ ಎರಡು ದಿನವೂ ಇರಲಿಲ್ಲ.

ಆಗ ನಾನೇ ಒಂದು ಅಡ್ಡದಾರಿ ಹುಡುಕಿದೆ. ಫೋನ್ ಅಡ್ಡ ಮಾಡಿದ ಕೂಡಲೇ ಇಡೀ ಪುಟವನ್ನು ಮುಚ್ಚಿ ಒಂದು ಚಿತ್ರ ಬರುವಂತೆ ಮಾಡಿದೆ. ಪುಟ್ಟ ಫೋನೊಂದು ಮೆಲ್ಲಗೆ ತಿರುಗಿ ಎದ್ದು ನಿಲ್ಲುತ್ತದೆ, ಅದರ ಕೆಳಗೆ ‘ದಯವಿಟ್ಟು ನಿಮ್ಮ ಫೋನನ್ನು ನೆಟ್ಟಗೆ ಹಿಡಿಯಿರಿ’ ಎಂಬ ಸಾಲು. ಚಿತ್ರವನ್ನು ನಾನೇ ಬರೆದೆ. ಮರಾಠಿ, ಹಿಂದಿ, ಇಂಗ್ಲಿಷಿನ ಜೊತೆ ಸೈಟಿನಲ್ಲಿ ಕನ್ನಡವೂ ಇರಲಿ, ಪಿಂಪ್ರಿಯಲ್ಲಿ ನಮ್ಮ ಮಂದಿ ಬಹಳ ಇದ್ದಾರೆ ಎಂದು ಜಗಳವಾಡಿ ಕನ್ನಡವನ್ನೂ ಸೇರಿಸಿದ್ದೆ. ಪ್ರಾಜೆಕ್ಟ್ ಮ್ಯಾನೇಜರ್ ಸಮೀರ್ ಆ ಚಿತ್ರ ನೋಡಿ ಕ್ಯೂಟ್ ಎಂದ. ನನಗೂ ಹಾಗೇ ಅನಿಸಿತ್ತು.

ಸೈಟು ಶುರುವಾಗಿ ಎರಡನೇ ವಾರದ ಬುಧವಾರ, ಮುಗಿದ ದೂರುಗಳ ಪಟ್ಟಿಯ ಮೇಲೆ ಸುಮ್ಮನೆ ಕಣ್ಣಾಡಿಸುತ್ತಿದ್ದೆ. ಕೇಂದ್ರದ ಟೆಕ್ನಿಷಿಯನ್ ಜಾಧವ್ ಎಂಬವರು ಒಂದು ದೂರು ಕಳಿಸಿದ್ದರು. ‘ಫೋನ್ ನೆಟ್ಟಗೆ ಹಿಡಿ ಎಂದು ಫೋನೇ ಹೇಳುತ್ತದಂತೆ. ನೆಟ್ಟಗೆ ಹಿಡಿದರೆ ಗುಂಡಿ ಒತ್ತಲು ಬರುವುದಿಲ್ಲವಂತೆ. ರೋಗಿಯ ಹೆಂಡತಿ ಎರಡು ದಿನದಿಂದ ಬಂದು ಕೂರುತ್ತಿದ್ದಾರೆ.’ ಅದರ ಕೆಳಗೆ ಸಮೀರ್ ಬರೆದದ್ದು ಎರಡೇ ಮಾತು: ಬಳಕೆದಾರರ ಫೋನಿನ ದೋಷ, ಮುಕ್ತಾಯ.

ನೆಟ್ಟಗೆ ಹಿಡಿ ಎಂದದ್ದು ನನ್ನ ಚಿತ್ರ. ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ನಾಳೆ ಪಿಂಪ್ರಿಗೆ ಹೋಗಿ ಬರುತ್ತೇನೆ ಎಂದು ಸಮೀರನಿಗೆ ಹೇಳಿದೆ. ಅದು ಗ್ರಾಹಕರ ಸಿಬ್ಬಂದಿಯ ಕೆಲಸ, ನಮ್ಮದಲ್ಲ ಎಂದ. ರಜೆ ಹಾಕಿ ಹೋದೆ.

ಗುರುವಾರ ಬೆಳಿಗ್ಗೆ ಕೇಂದ್ರದ ಹೊರಗಿನ ಹಾಲಿನಲ್ಲಿ ಜಾಧವ್ ಬೆರಳು ಮಾಡಿ ತೋರಿಸಿದ ಹೆಂಗಸು ಮಲ್ಲಮ್ಮ. ಯಾದಗಿರಿ ಜಿಲ್ಲೆಯವರು, ನಲವತ್ತರ ಆಸುಪಾಸು. ಚಿಂಚವಾಡದ ಒಂದು ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲು ಒರೆಸುವ ಕೆಲಸ. ಗಂಡ ಭೀಮರಾಯ ಟೈಲ್ಸ್ ಕೂರಿಸುವ ಮೇಸ್ತ್ರಿ. ಮೂರು ವರ್ಷದಿಂದ ಮಂಗಳವಾರ, ಶುಕ್ರವಾರ ಬೆಳಿಗ್ಗೆ ಏಳರ ಸರದಿ ಅವರದ್ದು. ಆ ವಾರ ಅದು ಕೈತಪ್ಪಿತ್ತು. ಕಾಲು ಊದಿ, ಉಸಿರು ಕಟ್ಟಿ, ಯಾರೋ ಬಾರದೆ ಉಳಿದ ಯಂತ್ರದ ಮೇಲೆ ಅವತ್ತು ಹೇಗೋ ಮಲಗಿದ್ದರು. ಈ ಶನಿವಾರವೂ ತಪ್ಪಿದರೆ ಕಾಯಂ ಸರದಿ ರದ್ದು. ಪಟ್ಟಿಯ ಕೊನೆ ಎಂದರೆ ಎಷ್ಟು ದಿನ ಎಂದು ಜಾಧವ್ ಅವರನ್ನು ಕೇಳಿದೆ. ಅವರು ಮಷೀನುಗಳ ಕಡೆ ನೋಡಿ, ಭೀಮರಾಯರಂಥವರಿಗೆ ಹತ್ತು ದಿನವೂ ಜಾಸ್ತಿ ಎಂದು ಮರಾಠಿಯಲ್ಲಿ ಹೇಳಿದರು.

ಮಲ್ಲಮ್ಮನ ಪಕ್ಕ ಕೂತು, ಈ ಸೈಟ್ ಕಟ್ಟಿದವಳು ನಾನೇ ಎಂದೆ.

“ನೆಟ್ಟಗ ಹಿಡಿ ಅಂತ ಬರ್ಸಿದೋರೂ ನೀವೇನ್ರಿ?”

“ಹೌದ್ರಿ.”

“ಯಾಕ್ರಿ?”

ಅಡ್ಡ ಹಿಡಿದರೆ ಪುಟ ಚಂದ ಕಾಣುವುದಿಲ್ಲ ಎಂದೆ.

“ಚಂದ ಯಾರಿಗಿ ಬೇಕಾಗ್ಯದ್ರಿ? ನಮ್ಮ ಮನಿಯವರಿಗಿ ಮಷೀನ್ ಬೇಕಾಗ್ಯದ.”

ಆಮೇಲೆ ಫೋನ್ ತೋರಿಸಿದರು. ಗಂಡನದು ಇಂಟರ್ನೆಟ್ಟಿಲ್ಲದ ಹಳೆಯ ಫೋನಾದ್ದರಿಂದ ಕೇಂದ್ರದಲ್ಲಿ ಕೊಟ್ಟ ನಂಬರು ಇದರದ್ದೇ. ಹಿಂದಿನ ವರ್ಷ ಮೆಟ್ಟಿಲಿನಿಂದ ಬಿದ್ದು ಪರದೆಯ ಕೆಳಗಿನ ಎರಡು ಬೆರಳಿನಷ್ಟು ಜಾಗ ಸತ್ತಿತ್ತು. ಕಾಣುತ್ತದೆ, ಆದರೆ ಮುಟ್ಟಿದರೆ ಏನೂ ಆಗದು. ಅದಕ್ಕೆ ಮಲ್ಲಮ್ಮ ತಾನೇ ಒಂದು ಉಪಾಯ ಮಾಡಿಕೊಂಡಿದ್ದರು. ಕೆಳಗಿನ ಗುಂಡಿ ಒತ್ತಬೇಕಾದಾಗಲೆಲ್ಲ ಫೋನನ್ನು ಅಡ್ಡ ಮಾಡುವುದು. ಆಗ ಸತ್ತ ಜಾಗ ಬಲಗಡೆಗೆ ಹೋಗುತ್ತದೆ, ಗುಂಡಿ ಜೀವ ಇರುವ ಕಡೆ ಬರುತ್ತದೆ. ಮೆಸೇಜು, ವಿಡಿಯೋ ಕಾಲು, ಗ್ಯಾಸ್ ಬುಕಿಂಗು ಎಲ್ಲವನ್ನೂ ಒಂದು ವರ್ಷದಿಂದ ಹೀಗೇ ನಡೆಸಿದ್ದರು. ಆ ಹಾಲಿನಲ್ಲಿ ಇನ್ನಿಬ್ಬರು ಇದೇ ರೀತಿ ಮಾಡುವುದನ್ನು ಆಮೇಲೆ ಕಂಡೆ. ಒಡೆದ ಪರದೆಯವರು ಒಬ್ಬರಿಗೊಬ್ಬರು ಹೇಳಿಕೊಟ್ಟು ಕಲಿತ ವಿದ್ಯೆ ಅದು. ನಮ್ಮ ಯಾವ ಪಠ್ಯದಲ್ಲೂ ಅದಿರಲಿಲ್ಲ.

ನಮ್ಮ ಸೈಟಿನಲ್ಲಿ ಮಾತ್ರ ಅಡ್ಡ ಮಾಡಿದರೆ ನನ್ನ ಚಿತ್ರ ಬಂದು ಬಾಗಿಲು ಹಾಕುತ್ತಿತ್ತು. ನೆಟ್ಟಗೆ ಮಾಡಿದರೆ, ಎಲ್ಲೂ ಸರಿಯದ ನಮ್ಮ ಹಸಿರು ಗುಂಡಿ ಸರಿಯಾಗಿ ಆ ಸತ್ತ ಜಾಗದ ಮೇಲೇ ಕೂರುತ್ತಿತ್ತು.

“ಎಲ್ಲಾದೂ ಅಡ್ಡ ಹಿಡಿದ್ರ ನಡೀತಾವ. ನಿಮ್ದೊಂದೇ ಹಿಂಗ ಬೈತದ. ಅದೂ ಕನ್ನಡದಾಗ,” ಎಂದರು ಮಲ್ಲಮ್ಮ.

ಜಗಳವಾಡಿ ಹಾಕಿಸಿದ ಕನ್ನಡ ಆಕೆಗೆ ಮುಟ್ಟಿದ್ದು ಹೀಗೆ. ನಾಚಿಕೆಯಾಯಿತು. ಅವಸರದಲ್ಲಿ ನನ್ನ ಫೋನ್ ತೆಗೆದು, ಓಟಿಪಿ ಹೇಳಿ, ಈಗಲೇ ನಾನು ಇದರಲ್ಲಿ ಮಾಡಿಕೊಡುತ್ತೇನೆ ಎಂದೆ. ಸಹಾಯ ಮಾಡುವವರ ದೊಡ್ಡಸ್ತಿಕೆ ನನ್ನ ಧ್ವನಿಯಲ್ಲಿ ಇದ್ದಿರಬೇಕು. ಮಲ್ಲಮ್ಮ ಫೋನನ್ನು ಸೆರಗಿನೊಳಗೆ ಇಟ್ಟುಕೊಂಡರು.

“ಓಟಿಪಿ ಯಾರಿಗೂ ಹೇಳಬ್ಯಾಡ ಅಂತ ನೀವೇ ಬರೆದೀರಿ. ಇವತ್ತ ನೀವು ಮಾಡ್ತೀರಿ ಅಕ್ಕಾರ. ಮುಂದಿನ ಶನಿವಾರ ಯಾರ ಕಾಲ ಹಿಡಿಬೇಕು ನಾ? ವಾರಾ ವಾರಾ ಒಬ್ಬರ ಮುಂದ ಕೈ ಚಾಚ್ಲಾಕ ನಂಗ ಆಗಲ್ಲ. ನನ್ನ ಫೋನಿನಾಗ, ನಾ ಒತ್ತಬೇಕು.”

ಗಂಡನ ಜೀವ ಶನಿವಾರದ ಸಂಜೆಗೆ ತೂಗುತ್ತಿರುವಾಗ ಇಷ್ಟು ಗಟ್ಟಿಯಾಗಿ ಬೇಡ ಎನ್ನುವ ಎದೆ ನನಗಂತೂ ಇಲ್ಲ. ಒಂದು ಕ್ಷಣ ಸಿಟ್ಟೂ ಬಂತು. ಬಸ್ಸಿನಲ್ಲಿ ವಾಪಸ್ ಬರುವಾಗ ಆಕೆ ಹೇಳಿದ್ದೇ ಸರಿ ಎನಿಸಿ, ಸಿಟ್ಟು ನನ್ನ ಮೇಲೆ ತಿರುಗಿತು.

ಶುಕ್ರವಾರ ಬೆಳಿಗ್ಗೆಯೇ ಸಮೀರನ ಹತ್ತಿರ ಹೋದೆ. ಅವನ ವಾದ ಪೂರ್ತಿ ಸುಳ್ಳಾಗಿರಲಿಲ್ಲ. ಯಾವ ಫೋನುಗಳಿಗೆ ಸೈಟು ನಡೆಯಬೇಕು ಎಂಬ ಪಟ್ಟಿಗೆ ಗ್ರಾಹಕರು ಸಹಿ ಹಾಕಿದ್ದಾರೆ, ಒಡೆದ ಫೋನು ಅದರಲ್ಲಿಲ್ಲ. ಮುಂದಿನ ಬದಲಾವಣೆಗೆ ಇನ್ನೂ ಎರಡು ವಾರ ಇದೆ. ಅವಸರದಲ್ಲಿ ಕೈ ಹಾಕಿ ಸೈಟು ಕೆಟ್ಟರೆ ಎಲ್ಲ ರೋಗಿಗಳ ಸರದಿಯೂ ಹೋಗುತ್ತದೆ. ಒಬ್ಬರಿಗಾಗಿ ಎಲ್ಲರನ್ನೂ ಪಣಕ್ಕಿಡಲೇ ಎಂದು ಕೇಳಿದ.

ನಾನು ವಾದ ಮಾಡಲಿಲ್ಲ. ನನ್ನ ಫೋನಿನ ತಳಕ್ಕೆ ಎರಡು ಬೆರಳಗಲ ಕರಿ ಇನ್ಸುಲೇಷನ್ ಟೇಪು ಅಂಟಿಸಿದೆ. ಟೇಪನ್ನು ಮುಟ್ಟದೆ ಒಂದು ಸರದಿ ಖಚಿತ ಮಾಡಿ ತೋರಿಸು ಎಂದು ಅವನ ಕೈಗೆ ಕೊಟ್ಟೆ. ಸಮೀರ್ ಬುದ್ಧಿವಂತ. ಪುಟವನ್ನು ಮೇಲೆ ಸರಿಸಿದ, ಕೆಳಗೆ ಸರಿಸಿದ. ಗುಂಡಿ ಟೇಪಿನ ಅಡಿಯಿಂದ ಏಳಲಿಲ್ಲ. ಅರ್ಧ ನಿಮಿಷ ನೋಡಿ, ತನಗೆ ತಾನೇ ಫೋನನ್ನು ಅಡ್ಡ ತಿರುಗಿಸಿದ. ನನ್ನ ಪುಟ್ಟ ಫೋನು ತಿರುಗಿ ಎದ್ದು ನಿಂತು, ದಯವಿಟ್ಟು ನೆಟ್ಟಗೆ ಹಿಡಿಯಿರಿ ಎಂದಿತು.

ಅವನು ಫೋನನ್ನು ಟೇಬಲ್ಲಿನ ಮೇಲಿಟ್ಟ. ಆಮೇಲೆ, ಪಾಯಿಂಟ್ ಗೊತ್ತಾಯಿತು, ಎರಡು ವಾರದ ನಂತರದ ಪಟ್ಟಿಯಲ್ಲಿ ಮೊದಲನೆಯದಾಗಿ ಹಾಕುತ್ತೇನೆ ಎಂದ. ನಾಳೆ ಸಂಜೆ ಆರಕ್ಕೆ ಅವರ ಹೆಸರು ಹೋಗುತ್ತದೆ ಎಂದೆ. ನಿಯಮ ಎಂದರೆ ನಿಯಮ ಮ್ಯಾಡಮ್ ಎಂದ.

ಹೊಟ್ಟೆಪಾಡಿನ ಕೆಲಸದಲ್ಲಿ ತಗ್ಗಿ ಬಗ್ಗಿ ನಡೆಯುವುದು ನನಗೂ ಗೊತ್ತಿತ್ತು, ಹತ್ತೊಂಬತ್ತು ವರ್ಷ ಹಾಗೇ ನಡೆದಿದ್ದೆ. ಅವತ್ತು ಬಗ್ಗಲು ಮನಸ್ಸಾಗಲಿಲ್ಲ. ನನ್ನ ಕುರ್ಚಿಗೆ ಬಂದು ಟ್ರಸ್ಟಿನ ಆಡಳಿತಾಧಿಕಾರಿಗೆ ನೇರವಾಗಿ ಮೇಲ್ ಬರೆದೆ. ಅವರು ವಯಸ್ಸಾದ ಡಾಕ್ಟರು. ಆ ಮೇಲ್‌ನ ಪ್ರತಿ ಸಮೀರನಿಗೂ ಹೋಗುವಂತೆ ಹಾಕಿದೆ, ಕದ್ದು ಮಾಡುವ ಕೆಲಸ ಅದಾಗಿರಲಿಲ್ಲ. ಒಳಗಿದ್ದ ವಿಷಯ ಇಷ್ಟೇ. ಫೋನ್ ಅಡ್ಡ ಹಿಡಿಯುವವರನ್ನು ನಮ್ಮ ಸೈಟು ತಡೆಯುತ್ತಿದೆ, ಆ ತಡೆ ಕಟ್ಟಿದವಳು ನಾನು, ಅದರಿಂದ ಒಬ್ಬ ರೋಗಿಯ ಸರದಿ ಹೋಗುವುದರಲ್ಲಿದೆ. ನೀವು ಹೂಂ ಎಂದರೆ ಇವತ್ತೇ ತೆಗೆಯುತ್ತೇನೆ.

ಉತ್ತರ ಬರುವವರೆಗೆ ಕಾಯದೆ ತಂಡದ ಇಬ್ಬರನ್ನು ಕೂರಿಸಿಕೊಂಡು ಕೆಲಸ ಶುರು ಮಾಡಿದೆ. ಚಿತ್ರವನ್ನು ಕಿತ್ತು ಹಾಕಲು ಒಂದು ನಿಮಿಷ ಸಾಕಾಯಿತು. ತಳಕ್ಕೆ ಅಂಟಿದ್ದ ಗುಂಡಿಯನ್ನು ಬಿಡಿಸಿ ಸರದಿಗಳ ಕೆಳಗೆ ಪುಟದ ಜೊತೆ ಸರಿಯುವಂತೆ ಇಟ್ಟೆವು. ಪರದೆಯ ಎತ್ತರ ಕಡಿಮೆಯಾದರೆ ಮೇಲಿನ ಪಟ್ಟಿಯೂ ಪುಟದ ಜೊತೆ ಮೇಲೆ ಹೋಗಬೇಕು, ಸರದಿಗಳು ಒಂದರ ಪಕ್ಕ ಒಂದು ಕೂರಬೇಕು ಎಂದು ಬರೆದೆವು. ನಾಲ್ಕು ದಿನದ ಕೆಲಸ ಎಂದು ಅಳೆದಿದ್ದೆನಲ್ಲ, ಅದು ಚಂದದ ಅಳತೆ. ಚಂದವನ್ನು ಬದಿಗಿಟ್ಟಾಗ ಐದು ತಾಸಿನಲ್ಲಿ ಮುಗಿಯಿತು. ಪುಟ ಅಡ್ಡವಾದಾಗ ಸ್ವಲ್ಪ ಸೊಟ್ಟಗೆ ಕಾಣುತ್ತಿತ್ತು, ಕಾಣಲಿ ಎಂದು ಬಿಟ್ಟೆ.

ನಾಲ್ಕೂಕಾಲಿಗೆ ಡಾಕ್ಟರ ಉತ್ತರ ಬಂತು. ‘ತೆಗೆಯಿರಿ. ಅದನ್ನು ಹಾಕಿದ್ದಾದರೂ ಯಾಕೆ?’

ಶುಕ್ರವಾರ ಸಂಜೆ ಏನನ್ನೂ ಲೈವ್ ಮಾಡಬಾರದು, ಅಂದರೆ ಜನರ ಬಳಕೆಗೆ ಬಿಡಬಾರದು, ಎನ್ನುವುದು ನಮ್ಮ ವೃತ್ತಿಯಲ್ಲಿ ಹಿರಿಯರ ಮಾತು, ಕೆಟ್ಟರೆ ಶನಿವಾರ ಭಾನುವಾರ ಕೇಳುವವರಿರುವುದಿಲ್ಲ ಎಂದು. ಐದೂವರೆಗೆ ಲೈವ್ ಮಾಡಿದೆ. ಸಮೀರ್ ನನ್ನ ಟೇಬಲ್ಲಿನ ಪಕ್ಕ ಬಂದು ನಿಂತು, ನನ್ನನ್ನು ದಾಟಿ ಹೋದಿರಿ ಎಂದ. ಹೌದು ಎಂದೆ. ಅವನು ಇನ್ನೂ ಏನೋ ನಿರೀಕ್ಷಿಸುತ್ತಿದ್ದ. ಕ್ಷಮೆ ಕೇಳುವಂಥದ್ದೇನೂ ನನಗೆ ಕಾಣಲಿಲ್ಲ.

ಶನಿವಾರ ಮಧ್ಯಾಹ್ನ ಮತ್ತೆ ಪಿಂಪ್ರಿಯ ಆ ಹಾಲಿನಲ್ಲಿ ಕೂತೆ. ಬೆಳಗಿನಿಂದ ಬೇರೆ ರೋಗಿಗಳ ಸರದಿಗಳು ತೊಂದರೆಯಿಲ್ಲದೆ ಖಚಿತವಾಗುತ್ತಿದ್ದವು, ಅದೊಂದು ಸಮಾಧಾನ. ಮಲ್ಲಮ್ಮ ಕೆಲಸ ಮುಗಿಸಿ ಬಂದಾಗ ನಾಲ್ಕು ಗಂಟೆ. ಫೋನ್ ಅಡ್ಡ ಮಾಡಿ ಸೈಟು ತೆರೆದರು. ಯಾರೂ ಬೈಯಲಿಲ್ಲ. ನಂಬರು ಹಾಕಿದರು, ಓಟಿಪಿ ಬಂತು. ಓಟಿಪಿ ಬರೆಯುವ ಚೌಕ ಮುಟ್ಟಿದಾಗ ಕೀಬೋರ್ಡು ಎದ್ದು ಪರದೆಯ ಮುಕ್ಕಾಲು ಭಾಗ ನುಂಗಿತು, ಚೌಕವೇ ಕಾಣದಾಯಿತು. ನನ್ನ ಫೋನಿನಲ್ಲಿ ಹೀಗಾಗಿರಲಿಲ್ಲ. ಆಕೆಯ ಫೋನ್ ಸಣ್ಣದು, ಅಕ್ಷರ ದೊಡ್ಡದು ಮಾಡಿಟ್ಟಿದ್ದರು. ಇದನ್ನೂ ನಾನು ನೋಡಿರಲಿಲ್ಲ. ನನ್ನ ಕೈ ತಾನಾಗಿ ಮುಂದೆ ಹೋಯಿತು.

“ಕೈ ಹಚ್ಚಬ್ಯಾಡ್ರಿ.”

ಆಕೆ ಕಾಣದ ಚೌಕಕ್ಕೇ ನಾಲ್ಕು ಅಂಕಿಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಒತ್ತಿ, ಕೀಬೋರ್ಡನ್ನು ಮುಚ್ಚಿದರು. ಮಂಗಳವಾರ ಏಳು, ಶುಕ್ರವಾರ ಏಳು ಎಂಬ ಎರಡು ಚೌಕಗಳು ಪಕ್ಕಪಕ್ಕ ಬಂದವು. ಪುಟವನ್ನು ಮೇಲೆ ಸರಿಸಿದರು. ಗುಂಡಿ ಮೇಲೆ ಬಂತು. ಒತ್ತಿದರು. ನೆಟ್‌ವರ್ಕ್ ನಿಧಾನ, ಚಕ್ರ ತಿರುಗಿತು, ತಿರುಗಿತು. ನಾನು ಮುಖ ಬೇರೆ ಕಡೆ ಮಾಡಿದೆ. ‘ನಿಮ್ಮ ಸರದಿ ಖಚಿತವಾಗಿದೆ’ ಎಂದು ಮಲ್ಲಮ್ಮ ಅಕ್ಷರ ಕೂಡಿಸಿ ಓದಿದ್ದು ಕೇಳಿಸಿತು.

ಗಂಡನಿಗೆ ಫೋನ್ ಮಾಡಿ, “ಆತು. ಮಂಗಳವಾರ ಏಳಕ್ಕ,” ಎಂದಷ್ಟೇ ಹೇಳಿ ಇಟ್ಟರು. ನನಗೆ ಅಳು ಬಂತು, ಆಕೆಗೆ ಬರಲಿಲ್ಲ. ಹೊರಡಲು ಎದ್ದವರು ನಿಂತು ಕೇಳಿದರು.

“ಮತ್ತ ಬದಲಿ ಮಾಡ್ತೀರೇನ್ರಿ ಇದನ್ನ?”

“ಇನ್ನ ಮ್ಯಾಲ ನನ್ನ ಕೇಳದ ಯಾರೂ ಮಾಡಂಗಿಲ್ಲ,” ಎಂದೆ.

“ನಿಮ್ಮನ್ನ ಕೇಳಿದ್ರ ಏನಾತ್ರಿ? ನಮ್ಮನ್ನ ಕೇಳ್ರಿ.”

ಈ ಮಾತು ನನ್ನ ಕೆಲಸದ ರೀತಿಯನ್ನೇ ಬದಲಿಸಿತು. ಅಲ್ಲಿಯವರೆಗೆ ನಾವು ಸಣ್ಣ ಪರದೆಯನ್ನು ಪರೀಕ್ಷೆ ಮಾಡುತ್ತಿದ್ದದ್ದು ದೊಡ್ಡ ಮಾನಿಟರಿನ ಮೇಲೆ, ಬ್ರೌಸರಿನ ಕಿಟಕಿಯನ್ನು ಮೌಸಿನಿಂದ ಎಳೆದು ಕಿರಿದು ಮಾಡಿ. ಆ ನಕಲಿ ಫೋನು ಬೀಳುವುದಿಲ್ಲ, ಒಡೆಯುವುದಿಲ್ಲ, ಅದನ್ನು ಹಿಡಿದ ಕೈ ಫಿನಾಯಿಲಿನಿಂದ ಒರಟಾಗಿರುವುದಿಲ್ಲ. ಮುಂದಿನ ತಿಂಗಳಿನಿಂದ ಆ ಸೈಟಿನ ಪ್ರತಿ ಬದಲಾವಣೆಯೂ ಪಿಂಪ್ರಿಯ ಹಾಲಿನಲ್ಲಿ ಕಾಯುವ ಆರು ಜನರ ಸ್ವಂತ ಫೋನಿನಲ್ಲಿ, ಅವರದೇ ಬೆರಳಿನಲ್ಲಿ ನಡೆದ ಮೇಲೆಯೇ ಲೈವ್ ಆಯಿತು. ಕೀಬೋರ್ಡಿನ ಅಡಿಯಲ್ಲಿ ಮುಳುಗುವ ಚೌಕವನ್ನು ಮೊದಲು ಸರಿಮಾಡಿದೆವು. ಪರದೆಗಳು ವರ್ಷ ವರ್ಷ ಬದಲಾಗುತ್ತವೆ, ಅದಕ್ಕೆ ತಕ್ಕಂತೆ ಬದಲಾಗುವುದು ಪುಟದ ಕರ್ಮ. ಹಿಡಿಯುವವರಿಗೆ ಹೀಗೆ ಹಿಡಿಯಿರಿ ಎಂದು ಹೇಳುವ ಅಧಿಕಾರ ನಮಗೆ ಯಾರೂ ಕೊಟ್ಟಿಲ್ಲ. ಇಷ್ಟು ವರ್ಷ ಇತರರಿಗೆ ಕಲಿಸಿದ ಪಾಠವನ್ನು ನಾನು ಕಲಿತದ್ದು ಆ ಒಂದು ವಾರದಲ್ಲಿ.

ಆ ಶನಿವಾರದ ಮುಂದಿನ ಬುಧವಾರ ಕಂಪನಿಯಿಂದ ನನಗೆ ಲಿಖಿತ ಎಚ್ಚರಿಕೆ ಬಂತು. ನಿಯಮ ಮೀರಿ ಗ್ರಾಹಕರನ್ನು ಸಂಪರ್ಕಿಸಿದ್ದು, ಅನುಮತಿಯಿಲ್ಲದೆ ಬದಲಾವಣೆ ಮಾಡಿದ್ದು, ಎರಡೂ ನಿಜ. ಕೊನೆಯಲ್ಲಿ ನೌಕರರ ವಿವರಣೆಗೆ ಎಂದು ಒಂದು ಖಾಲಿ ಚೌಕ ಇತ್ತು. ತಪ್ಪಾಯಿತು, ಮುಂದೆ ಹೀಗಾಗದು ಎಂದು ಬರೆದುಬಿಡಿ, ಫೈಲಿನಲ್ಲಿ ಮುಗಿದುಹೋಗುತ್ತದೆ ಎಂದು ಎಚ್‌ಆರ್‌ನ ಹುಡುಗಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಹಿಂದಿನ ದಿನ ಬೆಳಿಗ್ಗೆ ಜಾಧವ್ ಅವರಿಗೆ ಫೋನ್ ಮಾಡಿ ಕೇಳಿ ತಿಳಿದುಕೊಂಡಿದ್ದನ್ನು ಆ ಚೌಕದಲ್ಲಿ ಬರೆದು ಸಹಿ ಹಾಕಿದೆ: ‘ಮಂಗಳವಾರ ಏಳು ಗಂಟೆಗೆ ಭೀಮರಾಯ ತಮ್ಮ ಯಂತ್ರದ ಮೇಲಿದ್ದರು. ಇಂಥದ್ದು ಇನ್ನೊಂದು ಬಂದರೆ ಮತ್ತೆ ಇದನ್ನೇ ಮಾಡುತ್ತೇನೆ.’